ನಿಂತದ್ದು ಬೇರೆ, ಸಿಕ್ಕಿಕೊಂಡದ್ದು ಬೇರೆ

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಾಚಿ ನೆನಪಾದರು. ಇಡೀ ಗಲ್ಲಿಯ ಹೆಂಗಸರಿಗೆ ಕುಪ್ಪಸ ಹೊಲಿದುಕೊಡುತ್ತಿದ್ದವರು ಅವರೇ. ನಾನಾಗ ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ.

ಐವತ್ತು ದಾಟಿದ್ದ ಚಾಚಿ ಒಂದು ಸಂಜೆ ನೋಟುಬುಕ್ಕು ಹಿಡಿದು ನಮ್ಮ ಪಡಸಾಲೆಗೆ ಬಂದರು. ಶಿಗ್ಗಾಂವಿಯ ಹೊಲಿಗೆ ತರಬೇತಿ ಕೇಂದ್ರದವರು ಹುಡುಗಿಯರಿಗೆ ಕಲಿಸಲು ಅವರನ್ನು ಕರೆದಿದ್ದರು. ಆದರೆ ಹತ್ತನೆಯ ತರಗತಿ ಪಾಸಾಗಿರಲೇಬೇಕು. ಮನೆಯಲ್ಲೇ ಓದಿ ಉಳಿದ ವಿಷಯಗಳನ್ನೆಲ್ಲ ಮುಗಿಸಿದ್ದ ಚಾಚಿ ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ನಪಾಸಾಗಿದ್ದರು... ಇನ್ನೊಂದು ಪರೀಕ್ಷೆಯ ತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕೇಂದ್ರದವರು ಹೇಳಿದ್ದರು.

ದಿನಾ ಸಂಜೆ ಪಾಠ ನಡೆಯಿತು. ಒಮ್ಮೆ ‘ಸ್ಟಕ್’ ಎಂಬ ಶಬ್ದ ಬಂತು. ನಿಂತುಹೋಗುವುದು ಎಂದು ಬರೆದುಕೊಳ್ಳಿ ಅಂದೆ. ಚಾಚಿ ಬರೆಯಲಿಲ್ಲ. ಪಾಠದಲ್ಲಿ ಅದು ಬಂದಿದ್ದ ಸಾಲುಗಳನ್ನೆಲ್ಲ ಓದಿಸಿಕೊಂಡರು.

“ಬಸ್ಸು ಸ್ಟ್ಯಾಂಡಿನ್ಯಾಗ ನಿಂದರತೈತಿ, ಅದು ಸ್ಟಾಪ್ ರಿ. ಗಾಲಿ ಕೆಸರಿನ್ಯಾಗ ಹೂತ್ರ ಅದಕ್ಕ ಮುಂದ ಹೋಗೂದು ಇರತೈತಿ, ಹೋಗಾಕ ಆಗೂದಿಲ್ಲ. ಅದು ಸ್ಟಕ್. ನಿಂತದ್ದು ಬ್ಯಾರೆ, ಸಿಕ್ಕೊಂಡದ್ದು ಬ್ಯಾರೆ.”

ಇಷ್ಟು ವರ್ಷ ಕಲಿಸಿದ ನನಗೂ ಅದು ಅಷ್ಟು ಸರಳವಾಗಿ ಹೊಳೆದಿರಲಿಲ್ಲ.

ಅದೇ ವಾರ ಅವರ ಪರಿಚಯವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ‘ಏಳನೆಯ ತರಗತಿಗೆ ಶಾಲೆ ನಿಲ್ಲಿಸಿದೆ’ ಎಂಬ ಅರ್ಥದ ಸಾಲು ಅದರಲ್ಲಿತ್ತು. ಚಾಚಿ ರಬ್ಬರು ತೆಗೆದುಕೊಂಡು ಆ ಸಾಲನ್ನು ಅಳಿಸಿದರು.

“ಅಪ್ಪ ಹ್ವಾದಮ್ಯಾಲ ಮಷಿನ್ ತುಳ್ಯಾಕ ಕುಂತೆ ಟೀಚರ್. ನಾ ಸಾಲಿ ಬಿಟ್ಟಿಲ್ಲ, ಸ್ಟಕ್ ಆಗೇನಿ” ಎಂದರು. ಆಮೇಲೆ ಸ್ಪೆಲಿಂಗ್ ಕೇಳಿದರು. ಒಂದೊಂದೇ ಅಕ್ಷರ ಹೇಳಿದೆ.

ಪರೀಕ್ಷೆ ಶಿಗ್ಗಾಂವಿಯಲ್ಲಿತ್ತು. ಆ ದಿನ ಜೊತೆಗೆ ನಾನೂ ಹೊರಟೆ. ಶಿಗ್ಗಾಂವಿ ದಾರಿಯಲ್ಲಿ ಗೋವಿನಜೋಳದ ಟ್ರ್ಯಾಕ್ಟರೊಂದು ಅಡ್ಡ ಮಗುಚಿ ರಸ್ತೆ ಕಟ್ಟಿತ್ತು. ನಾನು ಗಡಿಯಾರ ನೋಡುತ್ತ ಬೆವರುತ್ತಿದ್ದೆ. ಚಾಚಿ ಸರಸರನೆ ಬಸ್ಸಿಳಿದು, ರಸ್ತೆಗೆ ಬಿದ್ದಿದ್ದ ಜೋಳದ ಚೀಲಗಳನ್ನು ದಾಟಿ ಆ ಕಡೆಗೆ ಹೋಗಿಯೇಬಿಟ್ಟರು. ಹಿಂದೆಯೇ ಓಡಿದೆ. ಅಲ್ಲಿ ದಾರಿ ಕಾಣದೆ ಶಿಗ್ಗಾಂವಿಗೇ ಹಿಂದಿರುಗುತ್ತಿದ್ದ ವೀಳ್ಯದೆಲೆಯ ಗಾಡಿಯವನಿಗೆ ಅದೇನು ಹೇಳಿದರೋ, ಪಕ್ಕದ ಸೀಟು ಖಾಲಿ ಮಾಡಿಕೊಟ್ಟ. ಇನ್ನೊಬ್ಬರಿಗೆ ಜಾಗವಿರಲಿಲ್ಲ.

ಚಾಚಿ ಕಿಟಕಿಯಿಂದ ನಕ್ಕರು. “ಬಸ್ ಸ್ಟಕ್ ಆಗೇತ್ರಿ, ನಾ ಆಗಿಲ್ಲ. ನೀವು ಸಾವಕಾಶ ಬರ್ರಿ.”

ನಾನು ಮುಟ್ಟುವಷ್ಟರಲ್ಲಿ ಪರೀಕ್ಷೆ ಅರ್ಧ ಮುಗಿದಿತ್ತು. ಚಾಚಿ ಹೊರಬಂದಾಗ ಮೈಯೆಲ್ಲ ಎಲೆಯ ಘಮ. ನಲವತ್ತೊಂದು ಅಂಕ ಬಂದವು. ಗಲ್ಲಿಗೆಲ್ಲ ಖೀರು ಹಂಚಿದರು. ನನಗೆ ಎರಡು ಬಟ್ಟಲು.

ಮುಂದೆ ಎಷ್ಟೋ ವರ್ಷ ಅದೇ ಕೇಂದ್ರದಲ್ಲಿ ಕಲಿಸಿದರು. ನಾನು ಹಾನಗಲ್ಲಿಗೆ ವರ್ಗವಾಗಿ ಬಂದೆ, ಹೋಗಿಬರುವುದು ಕಡಿಮೆಯಾಯಿತು... ಹೋದ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೂರನೆಯ ದಿನ.

ಈಗ ಅವರ ಶಿಷ್ಯೆಯೊಬ್ಬಳು ಹಾನಗಲ್ಲಿನಲ್ಲಿ ಅಂಗಡಿ ಇಟ್ಟಿದ್ದಾಳೆ. ನನ್ನ ಕುಪ್ಪಸಗಳನ್ನೆಲ್ಲ ಅವಳೇ ಹೊಲಿಯುತ್ತಾಳೆ. ಕೈ ಚೊಕ್ಕ, ಅಳತೆ ತಪ್ಪುವುದಿಲ್ಲ. ಆದರೆ ಬಿಗಿಯಾದ ಕುಪ್ಪಸದ ಹೊಲಿಗೆ ಬಿಚ್ಚಿ ಸಡಿಲಿಸುತ್ತಲೇ, “ಭಾಳ ಸಣ್ಣಾಗೀರಲ್ರಿ ಟೀಚರ್” ಎಂದು ಸುಳ್ಳು ಹೇಳುವವರು ಮಾತ್ರ ಈಗ ಯಾರೂ ಇಲ್ಲ.