ಚಿಗವ್ವನ ಆರು ಹಾಳೆಗಳು

ಆಗೆಲ್ಲ ಮದುವೆ ಪತ್ರಿಕೆ ಮೊದಲು ಮೂಗಿಗೆ ಬರುತ್ತಿತ್ತು, ಆಮೇಲೆ ಕಣ್ಣಿಗೆ. ಮೂಲೆಗೆ ಹಚ್ಚಿದ ಅರಿಶಿನ, ಹಸಿ ಬಣ್ಣ, ಸೀಮೆಎಣ್ಣೆ. ನನ್ನ ಓರಗೆಯವರಿಗೆ ನೆನಪಿರಬೇಕು. ನನಗಂತೂ ಅದು ಬೇಸಿಗೆ ರಜೆಯ ವಾಸನೆ. ಪರೀಕ್ಷೆ ಮುಗಿದ ಮರುದಿನವೇ ಬುಕ್ಕಸಾಗರದಿಂದ ಬಸ್ ಹತ್ತಿ ಹೊಸಪೇಟೆಯ ಅಜ್ಜನ ಮನೆ ಸೇರಿಬಿಡುತ್ತಿದ್ದೆ. ಮುಂದಿನ ಕೋಣೆಯಲ್ಲಿ ಅಜ್ಜ ಪತ್ರಿಕೆ ಅಚ್ಚು ಹಾಕುತ್ತಿದ್ದ. ಅವ್ವನ ತಂಗಿ ಗಿರಿಜಾ ಚಿಗವ್ವ ಅವನಿಗೆ ಜೊತೆ. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೇಲೆ ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಸಮ ಎಳೆದರೆ, ಕೆಳಗಿನ ಹಾಳೆಯಲ್ಲಿ ವಧೂವರರ ಹೆಸರು ಮೂಡುತ್ತಿತ್ತು. ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವಾಗಲೂ ನಮ್ಮ ಬೆರಳಿನ ಬಣ್ಣ ಹೋಗಿರುತ್ತಿರಲಿಲ್ಲ.

ನಾನು ಐದನೆಯ ತರಗತಿ ಮುಗಿಸಿದ ವರ್ಷ ಚಿಗವ್ವ ತನ್ನದೇ ಒಂದು ಚಿತ್ರ ಶುರು ಮಾಡಿದ್ದಳು. ಅವಳಿಗೆ ಸಿಕ್ಕಿದ್ದು ಒಂದೇ ಹಳೆಯ ಚೌಕಟ್ಟು. ಮೊದಲು ಹನ್ನೆರಡು ಹಾಳೆಗಳ ಮೇಲೆ ತಿಳಿಹಳದಿ. ಅದು ಒಣಗಿದ ಮೇಲೆ ಬಣ್ಣ ಇಳಿಯದಂತೆ ಜಾಲರಿಯನ್ನು ಅಲ್ಲಲ್ಲಿ ಅಂಟಿನಿಂದ ಮುಚ್ಚಿ, ಅವೇ ಹಾಳೆಗಳ ಮೇಲೆ ಸಂಡೂರಿನ ಮಣ್ಣಿನ ಕೆಂಪು. ಇನ್ನಷ್ಟು ಮುಚ್ಚಿ, ಹಂಪಿಯ ಬಂಡೆಗಳ ಬೂದು. ಒಮ್ಮೆ ಮುಚ್ಚಿದ ಮೇಲೆ ಹಿಂದಿನ ಆಕಾರ ಹೋದಂತೆಯೇ. ಕೆಟ್ಟ ಹಾಳೆಯನ್ನು ಮತ್ತೆ ಮಾಡಲು ಬರುತ್ತಿರಲಿಲ್ಲ. ಹನ್ನೆರಡರಲ್ಲಿ ಆರು ಉಳಿದವು. ಬಳ್ಳಾರಿಯ ಒಂದು ಚಿತ್ರಪ್ರದರ್ಶನಕ್ಕೆ ಅವನ್ನು ಕಳಿಸಬೇಕೆಂಬುದು ಅವಳ ಆಸೆ. ಅವಳು ಬಾಯಿಬಿಟ್ಟು ಹೇಳಿಕೊಂಡ ಆಸೆ ಅದೊಂದೇ.

ಚಿತ್ರದಲ್ಲಿ ಗಿಡವಿಲ್ಲ, ಗುಡಿಯಿಲ್ಲ, ಮನುಷ್ಯರಿಲ್ಲ. ಬಣ್ಣದ ಮೇಲೆ ಬಣ್ಣ, ಅಷ್ಟೇ.

“ಏನೈತವ್ವ ಅದ್ರಾಗ?” ಎಂದು ಅಜ್ಜ ಕೇಳುತ್ತಿದ್ದ.

“ನೋಡ್ತಾ ಕುಂದ್ರಪ್ಪ, ಕಾಣ್ತೈತಿ,” ಎನ್ನುತ್ತಿದ್ದಳು ಚಿಗವ್ವ.

“ನಾ ಕುಂತರ ಪತ್ರಿಕಿ ಯಾರು ಮುಗಿಸ್ತಾರ?”

ಒಂದು ಮಧ್ಯಾಹ್ನ ಚಿಗವ್ವ ಬಣ್ಣ ಕರಗಿಸುವ ಥಿನ್ನರ್ ತರಲು ಬಜಾರಿಗೆ ಹೋಗಿದ್ದಳು. ಸಂಡೂರಿನವರೊಬ್ಬರ ಪತ್ರಿಕೆ ಅವಸರದ್ದಿತ್ತು. ಹೊಸ ಅಚ್ಚು ಹಾಕುವ ಮುಂಚೆ ರದ್ದಿ ಹಾಳೆಗಳ ಮೇಲೆ ನಾಲ್ಕಾರು ಸಲ ಎಳೆದು ನೋಡುವುದು ನಮ್ಮಲ್ಲಿ ವಾಡಿಕೆ. ಒಂದೊಂದು ರದ್ದಿ ಹಾಳೆ ಹತ್ತು ಮದುವೆ ಕಂಡಿರುತ್ತಿತ್ತು. ಬಣ್ಣದ ಮೇಲೆ ಬಣ್ಣ ಕೂತು ಅದೂ ಹೆಚ್ಚುಕಡಿಮೆ ಚಿಗವ್ವನ ಚಿತ್ರದ ಹಾಗೆಯೇ ಇರುತ್ತಿತ್ತು.

“ಲೇ, ರದ್ದಿ ಕೊಡು, ಜಲ್ದಿ,” ಎಂದ ಅಜ್ಜ, ತಲೆ ಎತ್ತದೆ.

ರದ್ದಿಯ ಕಟ್ಟು ಹಿಂದಿನ ಕೋಣೆಯಲ್ಲಿತ್ತು. ಹೊರಗೆ ನನ್ನ ಕುಂಟೆಬಿಲ್ಲೆ ಆಟ ಅರ್ಧಕ್ಕೆ ನಿಂತಿತ್ತು. ಕೈಗೆಟುಕುವ ಹಗ್ಗದ ಮೇಲೆ ಒಣಗಲು ಹಾಕಿದ ಚಿಗವ್ವನ ಆರು ಹಾಳೆಗಳಿದ್ದವು. ಗೊತ್ತಾಗದೆ ಕೊಟ್ಟೆ ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಸುಳ್ಳು. ಅವು ಅವಳವೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಗೂ ಏನೂ ಇಲ್ಲದ ಚಿತ್ರ, ಇನ್ನೊಂದು ಬಣ್ಣ ಬಿದ್ದರೇನು ಎಂದುಕೊಂಡೆ. ಕೊಟ್ಟು ಆಟಕ್ಕೆ ಓಡಿದೆ.

ಚಿಗವ್ವ ಬಂದಾಗ ಆರರ ಮೇಲೂ ಹಸಿರು ಬಣ್ಣದಲ್ಲಿ ಮದುಮಗನ ಹೆಸರು ಕೂತಿತ್ತು. ಒಂದನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿದಳು. ಹೆಸರಿನ ಜೊತೆ ಬೂದು ಬಣ್ಣವೂ ಎದ್ದು ಬಂತು. ಅಜ್ಜ ಕನ್ನಡಕ ತೆಗೆದು ಕೂತುಬಿಟ್ಟ.

“ಯಾಕ ಕೊಟ್ಟಿ?” ಎಂದು ಚಿಗವ್ವ ನನ್ನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದಳು.

“ರದ್ದಿ ಅಂತ ತಿಳ್ಕೊಂಡೆ, ಚಿಗವ್ವ. ಅದ್ರಾಗ ಏನೂ ಇರ್ಲಿಲ್ಲಲ್ಲ.”

ಅವಳು ಬೈಯಲಿಲ್ಲ. ತನ್ನ ಚೌಕಟ್ಟನ್ನು ಅಜ್ಜನ ಪತ್ರಿಕೆ ಕೆಲಸಕ್ಕೆ ಕೊಟ್ಟುಬಿಟ್ಟಳು. ಮತ್ತೆಂದೂ ತನ್ನದೆಂದು ಒಂದು ಚಿತ್ರ ಮಾಡಲಿಲ್ಲ.

ಈಗ ಪತ್ರಿಕೆಗಳು ಫೋನಿಗೇ ಬರುತ್ತವೆ. ಅಜ್ಜನೂ ಇಲ್ಲ, ಆ ಕೋಣೆ ಮೊಬೈಲ್ ರಿಪೇರಿ ಅಂಗಡಿಯಾಗಿದೆ. ಅದಕ್ಕೆಲ್ಲ ನನಗೆ ಅಷ್ಟು ದುಃಖವಿಲ್ಲ.

ಹೋದ ತಿಂಗಳು ಕಂಪ್ಲಿಯಲ್ಲಿ ಚಿಗವ್ವನ ಮನೆಗೆ ಹೋಗಿದ್ದೆ. ಇಬ್ಬರೂ ಶೇಂಗಾ ಸುಲಿಯುತ್ತಾ ಕೂತಾಗ, ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟೆ. ಗೊತ್ತಿದ್ದೇ ಕೊಟ್ಟೆ ಎಂದೆ. ಆಮೇಲೆ ಆ ಚಿತ್ರವನ್ನು ಬಾಯಲ್ಲೇ ಬಿಡಿಸಿದೆ: ಎಡಗಡೆ ಕೆಂಪು ಇಳಿದು ಬಂದದ್ದು, ಬೂದು ಅದನ್ನು ತಡೆದದ್ದು, ಎರಡರ ನಡುವೆ ಬೆರಳಗಲ ಹಳದಿ ಉಳಿದದ್ದು. ಆ ಹಳದಿ ಈಗಲೂ ಕಣ್ಣ ಮುಂದೆ ಬರುತ್ತದೆ ಎಂದೆ.

ಚಿಗವ್ವ ಶೇಂಗಾ ಪಕ್ಕಕ್ಕೆ ಸರಿಸಿದಳು.

“ಹಾಳಿ ಕೆಟ್ಟವಂತ ಚಿತ್ರ ಬಿಡ್ಲಿಲ್ಲವ್ವ ನಾನು. ಕೂಸಿಗೂ ಏನೂ ಕಾಣ್ಲಿಲ್ಲಲ್ಲ ಅಂತ ಬಿಟ್ಟೆ,” ಎಂದಳು. ಆಮೇಲೆ ಕೇಳಿದಳು: “ಇಷ್ಟೆಲ್ಲಾ ನೋಡಿದ್ದಿ. ಅವತ್ತ ಯಾಕ ಹೇಳ್ಲಿಲ್ಲ?”

ಆ ಚಿತ್ರ ಈಗ ಎಲ್ಲಿಯೂ ಇಲ್ಲ. ಕಂಡವರಲ್ಲಿ ಉಳಿದವರು ನಾವಿಬ್ಬರೇ.