ಅಮ್ಮ ಪಫರ್ ಮೀನಿನ ಹಲ್ಲು ಕತ್ತರಿಸಿದ್ದು

ರಾಮಕೃಷ್ಣನಗರದ ನಮ್ಮ ಮನೆಯ ಹಾಲ್‌ನಲ್ಲಿ, ಟಿ.ವಿ. ಇಡಬೇಕಾದ ಜಾಗದಲ್ಲಿ, ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಿದೆ. ಅದರಲ್ಲಿ ಉಪ್ಪುನೀರು, ಜೀವಂತ ಹವಳ, ಮತ್ತು ಹೆಬ್ಬೆರಳಿನಷ್ಟುದ್ದದ ಒಂದು ಪಫರ್ ಮೀನು. ಬಿಳಿ ಮೈ, ಬೆನ್ನಿನ ಮೇಲೆ ಕಂದು ಪಟ್ಟೆ. ಹೆದರಿದರೆ ನೀರು ಕುಡಿದು ಚೆಂಡಿನಂತೆ ಉಬ್ಬುತ್ತದೆ. "ಹವಳ ಕಚ್ಚುತ್ತೆ, ಬೇಡ ಕಣ್ರೀ" ಎಂದು ಅಂಗಡಿಯವರು ಹೇಳಿದರೂ ಕೇಳದೆ ತಂದಿದ್ದೆ. ಒಂದೆರಡು ಸಲ ಹವಳದ ರುಚಿ ನೋಡಿ ಅದು ಸುಮ್ಮನಾಯಿತು.

ಎರಡನೇ ವರ್ಷ ಅದು ಊಟ ಬಿಟ್ಟಿತು. ಮೇಟಗಳ್ಳಿಯ ಫ್ಯಾಕ್ಟರಿಯಿಂದ ನಾನು ಬಂದೊಡನೆ ಗಾಜಿನ ಹತ್ತಿರ ಓಡಿ ಬರುತ್ತಿತ್ತು, ಆದರೆ ಸೀಗಡಿ ಚೂರನ್ನು ಹಿಡಿಯಲಾಗದೆ ಬಿಟ್ಟುಬಿಡುತ್ತಿತ್ತು. ಟಾರ್ಚ್ ಹಾಕಿ ನೋಡಿದೆ. ಹಲ್ಲು ಬೆಳೆದು ಬಾಯಿಯೇ ಮುಚ್ಚಿಹೋಗಿತ್ತು. ಈ ಮೀನಿನ ಹಲ್ಲು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ಚಿಪ್ಪು ಕಡಿದು ಕಡಿದು ಸವೆಯಬೇಕು. ನಾನೋ ಮುದ್ದು ಮಾಡಿ ಸಿಪ್ಪೆ ಸುಲಿದ ಸೀಗಡಿಯನ್ನೇ ತಿನ್ನಿಸಿದ್ದೆ.

ಪಶುವೈದ್ಯರಿಗೆ ಫೋನ್ ಮಾಡಿದೆ. "ನಾಯಿ, ಹಸು ಆದ್ರೆ ತನ್ನಿ ಮೇಡಂ. ಮೀನಿನ ಹಲ್ಲು ನಾನು ನೋಡಿಲ್ಲ" ಎಂದರು. ಕಂಪ್ಯೂಟರ್ ಮುಂದೆ ಕೂತು ಬೇರೆಯವರು ಇಂಥ ಹಲ್ಲು ಕತ್ತರಿಸುವ ವಿಡಿಯೊಗಳನ್ನು ಹತ್ತು ಸಲ ನೋಡಿ ಕಲಿತೆ. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿಟ್ಟರೆ ಮೀನಿಗೆ ಮಂಪರು ಬರುತ್ತದೆ, ಆಗ ಹಲ್ಲು ಕತ್ತರಿಸಬೇಕು.

ಭಾನುವಾರ ಬೆಳಿಗ್ಗೆ ತೊಟ್ಟಿಯ ನೀರನ್ನೇ ಬೋಗುಣಿಗೆ ತುಂಬಿ ಎಣ್ಣೆಯನ್ನು ಹನಿಹನಿಯಾಗಿ ಬೆರೆಸಿದೆ. ಮೀನು ನಿಧಾನವಾಗಿ ಪಕ್ಕಕ್ಕೆ ವಾಲಿತು. ಒದ್ದೆ ಬಟ್ಟೆಯಲ್ಲಿ ಹಿಡಿದು, ಉಗುರು ಕತ್ತರಿಸುವ ಸಣ್ಣ ಕಟ್ಟರ್ ಎತ್ತಿಕೊಂಡೆ. ಕೈ ನಡುಗತೊಡಗಿತು. ತುಟಿಗೂ ಹಲ್ಲಿಗೂ ನಡುವೆ ಎಳೆಯಷ್ಟೇ ಜಾಗ.

ಅಮ್ಮ ಬ್ಲೌಸ್ ಹೊಲಿಯುವವಳು. ಆ ಮೀನಿನ ತೊಟ್ಟಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಆದರೂ ಮಿಷನ್ ಬಿಟ್ಟು ಎದ್ದು ಬಂದಳು.

"ಕೈ ಹಿಂಗೆ ಅಲ್ಲಾಡ್ಸಿದ್ರೆ ಸಾಯ್ಸ್‌ಬುಡ್ತೀಯ ಕಣೇ. ಕೊಡಿಲ್ಲಿ. ನೀನು ಹಿಡ್ಕೊ."

"ಅಮ್ಮ, ತುಟಿ ತಾಗ್ಬಾರ್ದು."

"ನಲವತ್ತು ವರ್ಷ ಹುಕ್ಕು ಹೊಲಿದಿರೋಳಿಗೆ ಹೇಳ್ಕೊಡ್ಬೇಡ."

ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಟಕ್. ಇನ್ನೊಂದು ಟಕ್. ಅಕ್ಕಿ ನುಚ್ಚಿನಂಥ ಎರಡು ಚೂರು ಬೋಗುಣಿಯ ತಳಕ್ಕೆ ಬಿದ್ದವು. ಒಂದು ಹನಿ ರಕ್ತವಿಲ್ಲ.

ಮೀನನ್ನು ಎಣ್ಣೆ ಬೆರೆಸದ ಉಪ್ಪುನೀರಿಗೆ ಹಾಕಿದೆವು. ಅಲುಗಲಿಲ್ಲ. ಗಾಳಿಯ ಕೊಳವೆಯನ್ನು ಅದರ ಬಾಯಿಯ ಹತ್ತಿರ ಹಿಡಿದು ಕೂತೆ. ಅಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಳು. ಒಂದು ರೆಕ್ಕೆ ಅದುರಿತು. ಕಣ್ಣು ಹೊರಳಿತು. ಆಮೇಲೆ ಮೀನು ಸೆಟೆದು ನೇರವಾಗಿ, ಏನೂ ಆಗಿಲ್ಲವೆಂಬಂತೆ ಈಜತೊಡಗಿತು.

"ಬದುಕ್ತು ಕಣೇ! ಬದುಕ್ತು!" ಅಮ್ಮ ಕೂಗಿದ ಸದ್ದಿಗೆ ಎದುರು ಮನೆಯವರು ಗೇಟಿಗೇ ಬಂದರು. ಅವರಿಗೆ ಅಮ್ಮ ನಡೆದದ್ದನ್ನೆಲ್ಲ ಎರಡು ಸಲ ಹೇಳಿದಳು.

ಮಧ್ಯಾಹ್ನ ಮೀನು ಸೀಗಡಿಯನ್ನು ಕಚ್ಚಿ ನುಂಗಿತು. ಮರುವಾರ ಮೀನು ಮಾರ್ಕೆಟ್ಟಿನಿಂದ ಸಣ್ಣ ಕಪ್ಪೆಚಿಪ್ಪು ತಂದು ಹಾಕಿದೆ. ಚಿಪ್ಪಿನ ಅಂಚನ್ನು ಅದು ಕಟಕಟನೆ ಕಡಿಯುವುದನ್ನು ನೋಡಲು ಅಮ್ಮ ಸ್ಟೂಲ್ ಎಳೆದುಕೊಂಡು ತೊಟ್ಟಿಯ ಮುಂದೆ ಕೂತುಬಿಟ್ಟಳು.