ಮೂರನೆಯ ಎಳೆ

ಗುಡ್ಡಾಪುರದ ದಾನಮ್ಮ ತಾಯಿಯನ್ನು ನಂಬಿ ನಡೆಯುವ ಎಲ್ಲರಿಗೂ ತಿಕೋಂಡಿಯ ಮಲ್ಲಪ್ಪನ ಶರಣು. ನಮ್ಮವರು ಬರೆಯುವ ಅನುಭವಗಳಲ್ಲಿ ಬೇನೆ ವಾಸಿಯಾದದ್ದು ಇರುತ್ತದೆ, ಕಳೆದುಹೋದ ಮಗ ಸಿಕ್ಕಿದ್ದು ಇರುತ್ತದೆ. ನನ್ನದು ಹಾಗಲ್ಲ. ನನಗೆ ಬೇನೆ ಇರಲಿಲ್ಲ, ಯಾರೂ ನನಗೆ ಅನ್ಯಾಯ ಮಾಡಿರಲಿಲ್ಲ. ನನ್ನ ಈ ಎರಡು ಕೈಗಳೇ ಒಂದು ತಪ್ಪು ಮಾಡಿದ್ದವು. ಅದರಿಂದ ಒಬ್ಬ ಮನುಷ್ಯ ಆಕಾಶದಲ್ಲಿ ಜೀವ ಕಳೆದುಕೊಳ್ಳುವುದಿತ್ತು. ಯಾರು ಎಂಬುದು ನನಗೂ ಗೊತ್ತಿರಲಿಲ್ಲ.

ನಮ್ಮದು ತಿಕೋಂಡಿಯಲ್ಲಿ ಕಾಳುಕಡಿಯ ಅಂಗಡಿ. ಅಪ್ಪ ಜೋಳ ಅಳೆದುಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕದೆ ಗಿರಾಕಿಯನ್ನು ಕಳಿಸಿದವನಲ್ಲ. ನಾನು ಸಣ್ಣವನಿದ್ದಾಗ ಮರೆತರೆ, "ಕೊಸರು ಹಾಕಪಾ, ತಾಯಿ ನೋಡಾಕತ್ತಾಳ" ಎನ್ನುತ್ತಿದ್ದ. ಅಳತೆಗಿಂತ ಒಂದು ಹಿಡಿ ಹೆಚ್ಚು ಕೊಡುವುದು ನನ್ನ ಕೈಗೆ ಹಾಗೆ ಅಂಟಿಕೊಂಡಿತು. ಅಪ್ಪ ತೀರಿದ ಮೇಲೆ ಅಣ್ಣನಿಗೂ ನನಗೂ ಅಂಗಡಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಹೆಂಡತಿ ಗಂಗವ್ವ ಬೇಡವೆಂದರೂ ಕೇಳದೆ ಮಿರಜಿಗೆ ಹೋಗಿ ಸೈನ್ಯದ ಪಲ್ಟಣಕ್ಕೆ ಹೆಸರು ಕೊಟ್ಟೆ. ಸ್ವರಾಜ್ಯ ಬಂದು ನಾಲ್ಕೈದು ವರ್ಷವಾಗಿತ್ತು.

ಅವರು ನನ್ನನ್ನು ಉತ್ತರದ ಕಡೆಗೆ ಕಳಿಸಿದರು. ಊರಿನ ಹೆಸರು ಬರೆಯಬಾರದೆಂದು ಕಟ್ಟಳೆಯಿದೆ, ಬರೆಯುವುದಿಲ್ಲ. ವಿಮಾನದಿಂದ ಜಿಗಿಯುವುದನ್ನು ಸಿಪಾಯಿಗಳಿಗೆ ಕಲಿಸುವ ಜಾಗ ಅದು. ನನ್ನ ಕೈ ಅಚ್ಚುಕಟ್ಟು ಎಂದು ಪ್ಯಾರಾಶೂಟ್ ಮಡಚುವ ಕೆಲಸಕ್ಕೆ ಹಾಕಿದರು. ಅಲ್ಲಿ ಎಲ್ಲರೂ ಅದಕ್ಕೆ ಛತ್ರಿ ಎನ್ನುತ್ತಿದ್ದರು. ಊಟದ ಪಂಕ್ತಿಯಷ್ಟು ಉದ್ದದ ಮೇಜುಗಳು. ಅವುಗಳ ಮೇಲೆ ಬಟ್ಟೆ ಹಾಸಿ, ಸುಕ್ಕು ಬಿಡಿಸಿ, ಪದರು ಪದರಾಗಿ ಮಡಚಿ, ಹಗ್ಗಗಳನ್ನು ಸಿಕ್ಕಾಗದಂತೆ ಸುತ್ತಿ ಚೀಲಕ್ಕೆ ಸೇರಿಸಬೇಕು. ಮಡಚಿದವನು ಕಾರ್ಡಿನ ಮೇಲೆ ಸಹಿ ಹಾಕಬೇಕು.

ಈ ಕಥೆಗೆ ಬೇಕಾದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಿಪಾಯಿ ಜಿಗಿದಾಗ ಅವನ ಬೆನ್ನಿನ ಚೀಲಕ್ಕೆ ಕಟ್ಟಿದ ಒಂದು ಪಟ್ಟಿ ವಿಮಾನದ ಒಳಗಿನ ತಂತಿಗೆ ಸಿಕ್ಕಿಸಿಕೊಂಡೇ ಇರುತ್ತದೆ. ಅದು ಚೀಲವನ್ನು ಎಳೆಯುತ್ತದೆ. ಮೊದಲು ಹಗ್ಗ ಬಿಚ್ಚುತ್ತದೆ, ಆಮೇಲೆ ಬಟ್ಟೆ. ಕಡೆಗೆ ಛತ್ರಿಯ ನೆತ್ತಿಯನ್ನು ಚೀಲಕ್ಕೆ ಹಿಡಿದಿರುವುದು ಹತ್ತಿ ನೂಲಿನ ಎರಡೇ ಎಳೆ. ಆ ಎಳೆ ಹರಿದರೆ ಮನುಷ್ಯ ವಿಮಾನದಿಂದ ಬಿಡುಗಡೆ ಹೊಂದಿ ಛತ್ರಿಯ ಕೆಳಗೆ ತೂಗುತ್ತಾನೆ. ಒಂದೇ ಎಳೆ ಕಟ್ಟಿದರೆ ಬೇಗ ಹರಿದೀತು. ಮೂರು ಕಟ್ಟಿದರೆ ಹರಿಯದೆ ಹೋದೀತು, ಮನುಷ್ಯ ವಿಮಾನದ ಹಿಂದೆಯೇ ಎಳೆದಾಡಿಸಿಕೊಂಡು ಹೋದಾನು. ಆಗ ನಮ್ಮಲ್ಲಿ ಎದೆಯ ಮೇಲೆ ಎರಡನೆಯ ಛತ್ರಿ ಕಟ್ಟುವ ಪದ್ಧತಿ ಇರಲಿಲ್ಲ. ನಮಗೆ ಕಲಿಸಿದ ಹಿರಿಯ ಹವಾಲ್ದಾರರು ದಿನಾ ಬೆಳಿಗ್ಗೆ ಇದೊಂದನ್ನೇ ಹೇಳುತ್ತಿದ್ದರು. "ಎರಡು ಎಳೆ. ಕಡಿಮೆ ಬೇಡ, ಹೆಚ್ಚೂ ಬೇಡ."

ಜಿಗಿಯಲು ಕಲಿಯುವವರಲ್ಲಿ ಕನ್ನಡ ಬಲ್ಲವನು ಒಬ್ಬನೇ, ನಮ್ಮ ಸೀಮೆಯ ಮಾಡಗ್ಯಾಳದ ಬೀರಪ್ಪ. ಕುರಿ ಕಾಯುವ ಮನೆತನದ ಹುಡುಗ, ನನಗಿಂತ ಐದಾರು ವರ್ಷ ಸಣ್ಣವನು. ಇಡೀ ದಿನ ಅವರನ್ನು ಕಟ್ಟೆಯ ಮೇಲಿಂದ ನೆಗೆಸಿ, ಮಂಡಿ ಪಾದ ಎರಡೂ ಜೋಡಿಸಿಕೊಂಡು ಬಿದ್ದು ಹೊರಳುವುದನ್ನು ಕಲಿಸುತ್ತಿದ್ದರು. ಸೂರಿನಿಂದ ಇಳಿಬಿಟ್ಟ ಹಗ್ಗಕ್ಕೆ ನೇತುಹಾಕಿ ತೂಗಿಸುತ್ತಿದ್ದರು. ಬೀರಪ್ಪನಿಗೆ ಕಲ್ಲಿನ ಒಡ್ಡು ಹಾರಿ ಹಾರಿ ಒಂದು ಕಾಲು ಮುಂದಿಡುವ ರೂಢಿ. ಅದಕ್ಕೇ ದಿನಾ ಬೈಸಿಕೊಳ್ಳುತ್ತಿದ್ದ. ಸಂಜೆ ನನ್ನ ಹತ್ತಿರ ಬಂದು ಕೂತು ಬೆನ್ನು ತಿಕ್ಕಿಕೊಳ್ಳುತ್ತಾ, "ಮಲ್ಲಣ್ಣಾ, ನಮ್ಮ ಕುರಿ ಸುದ್ದಾ ಇಷ್ಟ ಹೊರಳಾಡಂಗಿಲ್ಲ ನೋಡ್ರಿ" ಎನ್ನುತ್ತಿದ್ದ.

ತಾಯಿಯ ಜಾತ್ರೆ ನಡೆಯುವ ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಒಂದು ಮಧ್ಯಾಹ್ನ ನನಗೆ ಕಾಗದ ಬಂತು. ಜಗಳವಾದಾಗಿನಿಂದ ಒಂದು ಸಾಲೂ ಬರೆಯದ ಅಣ್ಣನ ಕೈಬರಹ. "ಗಂಗವ್ವ ಹಡದಾಳ. ಹೆಣ್ಣ ಕೂಸು. ಇಬ್ರೂ ಆರಾಮ ಅದಾರ. ನೀ ಸಿಟ್ಟ ಬಿಟ್ಟು ಊರಿಗೆ ಬಂದು ಹೋಗು." ಓದಿ ನನ್ನ ಕಣ್ಣು ತುಂಬಿತು. ಎಲ್ಲರಿಗೂ ಸಕ್ಕರೆ ಹಂಚಿ ಮತ್ತೆ ಮೇಜಿಗೆ ಬಂದೆ. ಅಂದು ನನ್ನ ಪಾಲಿಗೆ ಹತ್ತು ಛತ್ರಿ. ಅಳತೆಗೆ ಕತ್ತರಿಸಿದ ಇಪ್ಪತ್ತು ಎಳೆ ನೂಲನ್ನು ಬೆಳಿಗ್ಗೆಯೇ ಎಣಿಸಿ ಕೊಟ್ಟಿದ್ದರು. ಹತ್ತನೆಯದಕ್ಕೆ ಬಂದಾಗ ನನ್ನ ಹತ್ತಿರ ಒಂದೇ ಎಳೆ ಉಳಿದಿತ್ತು. ಎಲ್ಲೋ ಕೆಳಗೆ ಬಿದ್ದಿರಬೇಕು ಎಂದುಕೊಂಡು ಉಗ್ರಾಣದವನಿಂದ ಇನ್ನೊಂದು ತಂದು ಕಟ್ಟಿದೆ. ಹವಾಲ್ದಾರರು ಗಂಟು ಜಗ್ಗಿ ನೋಡಿದರು, ಗಟ್ಟಿಯಾಗಿತ್ತು. ಹತ್ತಕ್ಕೂ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಗೇಟಿನ ಹೊರಗೆ ಹುರಿಗಡಲೆ ಮಾರುವವನ ಹತ್ತಿರ ಹೋದೆ. ಅವನು ತೂಗಿ ಕಾಗದದಲ್ಲಿ ಸುತ್ತಿ ಕೊಟ್ಟ. ನಾನು ಇನ್ನೊಂದು ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದೆ. ಅವನು ನನ್ನ ಕೈ ನೋಡಿದ, ಮುಖ ನೋಡಿದ, ಇನ್ನೇನು ಬೇಕು ಎಂದು ಕೇಳಿದ. ನಾನು ಕೊಸರಿಗೆ ಕೈ ಚಾಚಿದ್ದೆ. ಅದು ಆ ಸೀಮೆಯವನಿಗೆ ಹೇಗೆ ತಿಳಿಯಬೇಕು? ನಗು ಬಂತು. ಬಂದ ನಗು ಅಲ್ಲೇ ನಿಂತುಹೋಯಿತು. ನಿನ್ನೆ ಆ ಎಳೆ ಕೆಳಗೆ ಬಿದ್ದಿರಲಿಲ್ಲ. ಕಾಗದ ಓದಿದ ಖುಷಿಯಲ್ಲಿ ನನ್ನ ಕೈ ಯಾವುದೋ ಒಂದು ಛತ್ರಿಗೆ ಎರಡು ಎಳೆ ಕಟ್ಟಿ, ಮೇಲೆ ಒಂದು ಕೊಸರು ಹಾಕಿತ್ತು. ಗಂಟಿನೊಳಗೆ ಅದು ಮುಚ್ಚಿಹೋಗಿತ್ತು. ಹತ್ತರಲ್ಲಿ ಯಾವುದಕ್ಕೆ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ.

ಬಂಧುಗಳೇ, ಸುಳ್ಳು ಬರೆಯಲಾರೆ. ನನಗೆ ಮೊದಲು ಬಂದದ್ದು ಸುಮ್ಮನಿದ್ದುಬಿಡುವ ಯೋಚನೆ. ಮನುಷ್ಯನ ಭಾರಕ್ಕೆ ಮೂರು ಎಳೆಯೂ ಹರಿದೇ ಹರಿದಾವು ಎಂದುಕೊಂಡೆ. ಬಾಯಿ ಬಿಟ್ಟರೆ ಸೆರೆಮನೆ, ಕೂಸಿನ ಮುಖ ನೋಡುವ ಮೊದಲೇ ಅಪ್ಪನಿಗೆ ಬೇಡಿ. ಕಾಲು ಏಳಲಿಲ್ಲ. ಗೇಟಿನ ಗೋಡೆಗೆ ಒರಗಿ, ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಗುಡ್ಡಾಪುರದ ದಿಕ್ಕು ಯಾವುದೆಂದೂ ತಿಳಿಯದೆ ಬೇಡಿದೆ. "ತಾಯಿ, ಆ ಹತ್ತು ಮಂದಿ ತಮ್ಮ ಕಾಲ ಮ್ಯಾಲೆ ನೆಲಕ್ಕ ಇಳೀಲಿ. ನನಗ ಏನಾದರೂ ಆಗಲಿ." ಕಡೆಯ ಮಾತು ಹೇಗೆ ಬಾಯಿಗೆ ಬಂತೋ ಕಾಣೆ. ಅದು ಬಂದ ಮೇಲೆ ಕಾಲು ಎದ್ದವು. ಓಡಿದೆ.

ಹವಾಲ್ದಾರರು ನನ್ನ ಮಾತನ್ನು ಪೂರ್ತಿ ಕೇಳಿದರು. ಬೈಯಲಿಲ್ಲ, ಅವರ ಮುಖದ ಬಣ್ಣ ಮಾತ್ರ ಇಳಿಯಿತು. ಹತ್ತೂ ಛತ್ರಿ ಒಂದೇ ವಿಮಾನಕ್ಕೆ ಹೋಗಿದ್ದವು. ಆ ವಿಮಾನ ಆಗಲೇ ಮೇಲೇರಿತ್ತು. ಹತ್ತು ಮಂದಿಯಲ್ಲಿ ಬೀರಪ್ಪನೂ ಒಬ್ಬ, ಅದು ಅವನ ಮೊದಲ ಜಿಗಿತ. ನಮ್ಮ ಅಧಿಕಾರಿ ಸಾಹೇಬರು ವಿಮಾನವನ್ನು ರೇಡಿಯೋದಲ್ಲಿ ಕರೆದರು, ಗರಗರ ಸದ್ದಲ್ಲದೆ ಬೇರೇನೂ ಬರಲಿಲ್ಲ. ಜಿಗಿಯುವ ಮೈದಾನಕ್ಕೆ ಟೆಲಿಫೋನ್ ಮಾಡಿದರೆ ಲೈನು ಹತ್ತಲಿಲ್ಲ. ಹವಾಲ್ದಾರರು ನನ್ನನ್ನು ಜೀಪಿನೊಳಗೆ ತಳ್ಳಿ ತಾವೇ ನಡೆಸಿದರು.

ದಾರಿಯುದ್ದಕ್ಕೂ ಆಕಾಶವನ್ನೇ ನೋಡುತ್ತಿದ್ದೆ. ಚಳಿಗಾಲದ ಬೆಳಗು, ಒಂದು ಎಲೆ ಅಲುಗುತ್ತಿರಲಿಲ್ಲ. ಜಿಗಿಯುವುದಕ್ಕೆ ಅದಕ್ಕಿಂತ ಚಲೋ ಹವೆ ಸಿಕ್ಕುವುದಿಲ್ಲ. ಮೈದಾನ ದೂರದಲ್ಲಿ ಕಾಣುವಾಗ ವಿಮಾನವೂ ಕಂಡಿತು. ಒಂದು ಸುತ್ತು ಬಂದು, ಮೈದಾನದ ಕಡೆಗೆ ಮೂತಿ ಮಾಡಿ, ನೇರ ಬರತೊಡಗಿತು. ಜನರನ್ನು ಇಳಿಸುವ ಮೊದಲು ಪೈಲಟ್ ಎಂಜಿನ್ ತಗ್ಗಿಸಬೇಕೆಂಬುದು ಕಾನೂನು. ಆ ಸದ್ದು ತಗ್ಗಿದ್ದು ಜೀಪಿನಲ್ಲಿದ್ದ ನಮಗೆ ಕೇಳಿಸಿತು. ಬಾಗಿಲಲ್ಲಿ ಕೆಂಪು ದೀಪ ಹತ್ತಿರುತ್ತದೆ, ಮೊದಲನೆಯವನು ಹೊಸ್ತಿಲ ಮೇಲೆ ಕಾಲಿಟ್ಟಿರುತ್ತಾನೆ. ಇನ್ನು ಹಸಿರು ದೀಪ ಹತ್ತಿದರೆ ಜಿಗಿಯುವುದೇ. ಹವಾಲ್ದಾರರು ಹಾರ್ನ್ ಒತ್ತಿಯೇ ಒತ್ತಿದರು. ಅದು ಆಕಾಶಕ್ಕೆ ಕೇಳಿಸುವುದೇ?

ಆಗ ಜೀಪಿನೊಳಗೆ ಧೂಳು ನುಗ್ಗಿತು. ಹವಾಲ್ದಾರರ ಟೋಪಿ ಹಾರಿತು. ಎಲ್ಲಿಂದ ಎದ್ದಿತೋ ಆ ಗಾಳಿ, ಮೈದಾನದ ನಡುವೆ ಪೈಲಟನಿಗೆ ಗುರುತಿಗೆಂದು ಹಾಸಿದ್ದ ಬಿಳಿ ಬಟ್ಟೆಯನ್ನು ಗೂಟದ ಸಮೇತ ಕಿತ್ತು ಉರುಳಿಸಿತು. ಮರುಕ್ಷಣ ಅಲ್ಲಿಂದ ಕೆಂಪು ಹೊಗೆ ಎದ್ದಿತು. ಕೆಂಪು ಹೊಗೆ ಕಂಡರೆ ಪೈಲಟ್ ಯಾರನ್ನೂ ಇಳಿಸಬಾರದು, ಒಳಗೆ ಜನರಲ್ ಸಾಹೇಬರೇ ಕೂತಿದ್ದರೂ ಇಳಿಸಬಾರದು. ಎಂಜಿನ್ ಮತ್ತೆ ಜೋರಾಗಿ ಮೊರೆಯಿತು. ವಿಮಾನ ನಮ್ಮ ತಲೆಯ ಮೇಲೆ ಹಾದು ಬಂದ ದಾರಿಗೆ ತಿರುಗಿತು. ನಾನು ಜೀಪಿನಲ್ಲೇ ಮಗುವಿನಂತೆ ಅತ್ತುಬಿಟ್ಟೆ.

ಮೈದಾನದ ಸಾಹೇಬರಿಗೆ ನಮ್ಮ ಸುದ್ದಿ ಏನೂ ಗೊತ್ತಿರಲಿಲ್ಲ. ಗಾಳಿ ಅಳೆಯುವ ಯಂತ್ರ ಹಿಡಿದುಕೊಂಡು, "ಹದ ಮೀರಿತು, ನಿಲ್ಲಿಸಿದೆ" ಎಂದರು ಅಷ್ಟೇ. ನಾವು ಒಂದು ಲೋಟ ಚಹಾ ಕುಡಿಯುವುದರೊಳಗೆ ಗಾಳಿ ಅಡಗಿಹೋಯಿತು.

ನಾವು ವಿಮಾನ ನಿಲ್ದಾಣಕ್ಕೆ ಮರಳುವಷ್ಟರಲ್ಲಿ ಹತ್ತೂ ಮಂದಿ ಏಣಿಯ ಮೇಲಿಂದ ತಮ್ಮ ಕಾಲ ಮೇಲೆ ನೆಲಕ್ಕೆ ಇಳಿದಿದ್ದರು. ನಾನು ಬೇಡಿದ್ದು ಅದನ್ನೇ. ಛತ್ರಿಯಿಂದಲೇ ಇಳಿಯಲಿ ಎಂದು ನಾನು ಹೇಳಿರಲಿಲ್ಲ. ಬೀರಪ್ಪ ಸಿಟ್ಟಿನಲ್ಲಿದ್ದ. "ಬಾಗಲಾಗ ನಿಂದರಿಸಿ ಹೊಳ್ಳಿ ಕರಕೊಂಡ ಬಂದರಲ್ರಿ ಮಲ್ಲಣ್ಣಾ, ಊರಿಗೆ ಏನಂತ ಬರೀಲಿ?" ಎಂದ. ನಾನು ಅವನಿಗೆ ಎಲ್ಲ ಹೇಳಿದೆ. ಅವನು ನನ್ನ ಕೈಗಳನ್ನೇ ನೋಡುತ್ತಾ ನಿಂತ.

ಹತ್ತು ಛತ್ರಿಗಳನ್ನೂ ನನ್ನಿಂದಲೇ ಬಿಚ್ಚಿಸಿದರು. ಏಳನೆಯದರಲ್ಲಿ ಮೂರು ಎಳೆ. ಅದು ಹಿಮಾಲಯದ ಕಡೆಯ ಗಡವಾಲದ ಒಬ್ಬ ಸಿಪಾಯಿಯ ಪಾಲಿಗೆ ಹೋಗಿತ್ತು. ಅವನ ಜೊತೆ ನಾನು ಒಂದು ದಿನವೂ ಮಾತಾಡಿದವನಲ್ಲ. ಹವಾಲ್ದಾರರು ಅದನ್ನು ಜಂತಿಗೆ ಕಟ್ಟಿ ಮರಳಿನ ಚೀಲ ತೂಗಿಬಿಟ್ಟರು. ಎರಡು ಎಳೆ ಹರಿಯುವ ಭಾರಕ್ಕೆ ಮೂರು ಹರಿಯಲಿಲ್ಲ. ಇನ್ನೊಂದು ಚೀಲ ಹಾಕಿದ ಮೇಲೆ ಹರಿದವು. "ಹಾಗಾದರೆ ಮೇಲೆಯೂ ಹರಿಯುತ್ತಿದ್ದವೇನೋ" ಎಂದೆ, ನನ್ನ ಸಮಾಧಾನಕ್ಕೆ. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. "ಹರಿಯುತ್ತಿದ್ದವೇನೋ. ಆ 'ಏನೋ' ಎಂಬುದನ್ನು ನಾವು ಮನುಷ್ಯನ ಬೆನ್ನಿಗೆ ಕಟ್ಟುವುದಿಲ್ಲ, ಮಲ್ಲಪ್ಪ."

ಸೆರೆಮನೆ ಆಗಲಿಲ್ಲ. ನಾನಾಗಿ ಬಂದು ಹೇಳಿದೆನೆಂದು ಸಾಹೇಬರು ಒಂದು ತಿಂಗಳು ಮೇಜಿನಿಂದ ಇಳಿಸಿ, ಗೋಣಿಚೀಲ ಹೊಲಿಯುವ ಕೆಲಸ ಕೊಟ್ಟರು. ಅಂದಿನಿಂದ ಎಳೆಗಳನ್ನು ಇನ್ನೊಬ್ಬನ ಎದುರಿಗೆ ಬಾಯಿಬಿಟ್ಟು ಎಣಿಸಿಯೇ ಕಟ್ಟಬೇಕೆಂದು ಎಲ್ಲರಿಗೂ ಕಟ್ಟಳೆಯಾಯಿತು. ಒಂದು ತಿಂಗಳ ಮೇಲೆ ಮತ್ತೆ ಮೇಜಿಗೆ ಬಂದೆ. ನಿಜವಾದ ಶಿಕ್ಷೆ ಆಗ ಶುರುವಾಯಿತು. ಜಿಗಿಯುವವರು ಸಾಲಿನಲ್ಲಿ ಬಂದು ತಮ್ಮ ಛತ್ರಿ ತೆಗೆದುಕೊಳ್ಳುವಾಗ ಕಾರ್ಡ್ ತಿರುಗಿಸಿ ಓದುತ್ತಿದ್ದರು. ನನ್ನ ಸಹಿ ಕಂಡರೆ ಮೆಲ್ಲಗೆ ಅದನ್ನು ಇಟ್ಟು ಪಕ್ಕದ್ದನ್ನು ಎತ್ತುತ್ತಿದ್ದರು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ನನ್ನವು ಹಲಗೆಯ ಮೇಲೆ ಹಾಗೇ ಉಳಿಯುತ್ತಿದ್ದವು, ಮರುದಿನ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಬೀರಪ್ಪನಾದರೂ ಎತ್ತಿಕೊಂಡಾನು ಎಂಬ ಆಸೆಯಿತ್ತು. ಅವನು ಆ ದಿನಗಳಲ್ಲಿ ಜ್ವರ ಬಂದು ದವಾಖಾನೆ ಸೇರಿದ್ದ. ದಿನಾ ಲಿಂಗಪೂಜೆ ಮುಗಿಸಿ, "ತಾಯಿ, ಜೀವ ಉಳಿಸಿದಿ, ಈ ಕೈ ಯಾಕ ಉಳಿಸವಲ್ಲಿ" ಎಂದು ಕೇಳುತ್ತಿದ್ದೆ. ಕೇಳಲು ನಾಚಿಕೆಯೂ ಆಗುತ್ತಿತ್ತು.

ಜ್ವರ ಬಿಟ್ಟ ಮೇಲೆ ಬೀರಪ್ಪ ಜಿಗಿಯುವ ದಿನ ಬಂತು. ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದ. ಅವನ ಸರದಿ ಬಂದಾಗ ಉಗ್ರಾಣದವನಿಗೆ ತನ್ನ ಹರಕು ಹಿಂದಿಯಲ್ಲಿ, ಮಲ್ಲಣ್ಣ ಮಡಚಿದ್ದೇ ಬೇಕು ಎಂದ. ಇಷ್ಟು ದಿನ ಬೇಡಿಕೊಂಡದ್ದು ಎದುರಿಗೆ ಬಂದಾಗ ನನಗೇ ಹೆದರಿಕೆಯಾಯಿತು.

"ಬ್ಯಾಡ ಬೀರಪ್ಪ, ಬ್ಯಾರೇದವರದ ತಗೋ" ಎಂದೆ.

"ಯಾಕ್ರಿ? ತಪ್ಪ ಮಾಡಿ ತಾವಾಗೆ ಓಡಿ ಬಂದು ಹೇಳಿದಾವ್ರು ಇಲ್ಲಿ ನೀವೊಬ್ರ ಅದೀರಿ. ಉಳಿದಾವ್ರು ತಪ್ಪಿದ್ರ ಹೇಳತಾರೋ ಇಲ್ಲೋ, ನನಗೇನ ಗೊತ್ತು?"

ಹಾಗೆಂದು ಛತ್ರಿ ಬೆನ್ನಿಗೇರಿಸಿಕೊಂಡು ಪಟ್ಟಿ ಬಿಗಿದುಕೊಂಡ. ಅಂದು ಹವಾಲ್ದಾರರು ನನ್ನನ್ನು ಮೈದಾನಕ್ಕೆ ಕರೆದೊಯ್ದರು. ವಿಮಾನದ ಬಾಗಿಲಿಂದ ಮೂರನೆಯ ಚುಕ್ಕೆ ಹೊರಬಿತ್ತು. ಎಳೆ ಹರಿಯಿತು, ಬಟ್ಟೆ ಅರಳಿತು, ಬೀರಪ್ಪ ಎರಡು ಕಾಲನ್ನೂ ಜೋಡಿಸಿಕೊಂಡು ಬಂದು ಹೊರಳಿ ಎದ್ದು ನಿಂತ.

ಆಮೇಲೆ ರಜೆ ಸಿಕ್ಕಿತು. ರೈಲಿನಲ್ಲಿ ಮಿರಜ, ಅಲ್ಲಿಂದ ಮೋಟಾರಿನಲ್ಲಿ ಜತ್ತ. ಅಣ್ಣ ನಿಲ್ದಾಣದಲ್ಲಿ ಕಾದಿದ್ದ. ಮನೆಯಿಂದ ಕೂಸನ್ನು ಎತ್ತಿಕೊಂಡು ಎಲ್ಲರೂ ಗುಡ್ಡಾಪುರಕ್ಕೆ ನಡೆದು ಹೋಗಿ ತಾಯಿಯ ಪಾದಕ್ಕೆ ಹಾಕಿ, ದಾನಮ್ಮ ಎಂದೇ ಹೆಸರಿಟ್ಟೆವು. ಗಾಳಿ ತಂದವಳೂ ಅವಳೇ, ಗೇಟಿನ ಹತ್ತಿರ ನನ್ನ ಬಾಯಿ ತೆರೆಸಿದವಳೂ ಅವಳೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಗಾಳಿ ತಾನಾಗಿ ಬೀಸುತ್ತದೆ ಎನ್ನುವವರು ಎನ್ನಲಿ, ಅವರ ಜೊತೆ ವಾದ ಮಾಡುವ ಸಿಟ್ಟು ಈಗ ನನ್ನಲ್ಲಿ ಉಳಿದಿಲ್ಲ.

ಇನ್ನೊಂದನ್ನು ಬರೆದು ನಿಮಗೆಲ್ಲ ಕೈಮುಗಿಯುತ್ತೇನೆ. ರಜೆ ಮುಗಿಸಿ ಕೆಲಸಕ್ಕೆ ಹಿಂದಿರುಗಿದ ಮೊದಲ ದಿನ ಆ ಗಡವಾಲದ ಸಿಪಾಯಿ ಸಾಲಿನಲ್ಲಿ ಬಂದ. ಏಳನೆಯ ಛತ್ರಿ ತನ್ನದಾಗಿತ್ತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಒಂದು ಕಾರ್ಡ್ ತಿರುಗಿಸಿ ಓದಿದ, ಇಟ್ಟ. ಇನ್ನೊಂದು ಓದಿದ, ಇಟ್ಟ. ನಾನು ತಲೆ ತಗ್ಗಿಸಿದೆ. ಮೂರನೆಯದರ ಮೇಲೆ ನನ್ನ ಸಹಿ ಇತ್ತು. ಅವನು ಹುಡುಕುತ್ತಿದ್ದದ್ದು ಅದನ್ನೇ. ಅದನ್ನು ಎತ್ತಿ ಬೆನ್ನಿಗೆ ಹಾಕಿಕೊಂಡು ವಿಮಾನದ ಕಡೆಗೆ ನಡೆದ.